ಸೈಟ್ ಪರೀಕ್ಷೆ ಉಚಿತ

ಇಂಗ್ಲಿಷಿನವರು ಒಂದೊಂದು ಅರ್ಥಕ್ಕೂ ಒಂದೊಂದು ಸ್ಪೆಲ್ಲಿಂಗ್ ಇಟ್ಟುಕೊಂಡು ಸುಮ್ಮನೆ ಕಷ್ಟಪಡುತ್ತಾರೆ. ನಮಗೆ ಆ ತಾಪತ್ರಯವಿಲ್ಲ. ಕಿವಿಗೆ ಒಂದೇ ಥರ ಕೇಳಿಸಿದರೆ ಅದು ಒಂದೇ ಪದ. 'ಸೈಟ್' ಎಂಬುದನ್ನೇ ತೆಗೆದುಕೊಳ್ಳಿ. ದೊಡ್ಡಬಳ್ಳಾಪುರದ ಯಾವುದೇ ಟೀ ಅಂಗಡಿಯ ಮುಂದೆ ಈ ಪದವನ್ನು ಒಮ್ಮೆ ಉಚ್ಚರಿಸಿದರೆ ಸಾಕು, ನಾಲ್ಕು ಜನ ಮೂವತ್ತು-ನಲವತ್ತರ ಲೆಕ್ಕ ಶುರು ಮಾಡುತ್ತಾರೆ. ಕಾಲೇಜು ಹುಡುಗರಿಗೆ ಸೈಟ್ ಎಂದರೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಹೊಡೆಯುವಂಥದ್ದು. ಅರ್ಜಿ ತುಂಬಿಸಿಕೊಡುವ ಕಂಪ್ಯೂಟರ್ ಅಂಗಡಿಯವನಿಗೆ ಅದು ಎಂದೂ ಓಪನ್ ಆಗದೆ ಸುತ್ತುತ್ತಲೇ ಇರುವಂಥದ್ದು. ನಮ್ಮ ಬೀದಿಯ ಇತಿಹಾಸದ ಮೇಷ್ಟ್ರು, ಉತ್ಖನನ ನಡೆದ ಜಾಗವನ್ನು ಮಕ್ಕಳಿಗೆ ತೋರಿಸಿ ಬಂದು, "ಭಾನುವಾರ ರಾಜಘಟ್ಟದಲ್ಲಿ ಸೈಟ್ ನೋಡ್ಕೊಂಡ್ ಬಂದೆ" ಎಂದರೆ, ಪಕ್ಕದ ಮನೆಯವರು ಕೇಳಿದ್ದು ಒಂದೇ ಪ್ರಶ್ನೆ: "ಅಡಿಗೆ ಎಷ್ಟು ಹೇಳ್ತಾರೆ ಸಾರ್?"

ನನಗೆ ಮಾತ್ರ ಸೈಟ್ ಎಂದರೆ ಕಣ್ಣು. ನನ್ನದು ಕನ್ನಡಕದ ಅಂಗಡಿ. ಊರಿನವರು ನನ್ನನ್ನು ಕನ್ನಡಕದ ಸಾಬರು ಎನ್ನುತ್ತಾರೆ. ಹೊಸ ಬೋರ್ಡ್ ಬರೆಸುವಾಗ 'ಕಣ್ಣಿನ ಪರೀಕ್ಷೆ' ಎಂದರೆ ಸರ್ಕಾರಿ ಆಸ್ಪತ್ರೆಯಂತೆ ಕೇಳಿಸುತ್ತದೆ, ಸ್ವಲ್ಪ ಸ್ಟೈಲ್ ಇರಲಿ ಎಂದು 'ಇಲ್ಲಿ ಸೈಟ್ ಪರೀಕ್ಷೆ ಉಚಿತ' ಎಂದು ಬರೆಸಿದೆ. ಪಕ್ಕದಲ್ಲಿ ಒಂದು ಕಣ್ಣಿನ ಚಿತ್ರ ಇರಬೇಕಿತ್ತು. ಅಕ್ಷರ ಬರೆಯುವಷ್ಟರಲ್ಲಿ ಜಾಗ ಮುಗಿಯಿತೆಂದು ಪೇಂಟರ್ ಕೈತೊಳೆದುಕೊಂಡ. ನಾನೂ ಸುಮ್ಮನಾದೆ.

ಬೋರ್ಡ್ ಹಾಕಿ ಹದಿನೈದು ದಿನವಾಗಿರಬಹುದು. ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ವೆಂಕಟರಮಣಪ್ಪನವರು ಬಂದರು. ಎರಡು ವಿದ್ಯುತ್ ಮಗ್ಗ ಇಟ್ಟುಕೊಂಡು ಸೀರೆ ನೇಯುವ ಹಿರಿಯರು. ಕಂಕುಳಲ್ಲಿ ಬಟ್ಟೆಯ ಚೀಲ.

"ಸಾಬ್ರೇ, ಸೈಟ್ ಪರೀಕ್ಷೆ ಮಾಡೋದು ಇಲ್ಲೇ ಅಲ್ವಾ?"

"ಇಲ್ಲೇ ಯಜಮಾನ್ರೇ, ಕೂತ್ಕೊಳಿ. ತೊಂದ್ರೆ ದೂರದ್ದೋ ಹತ್ತಿರದ್ದೋ?"

"ದೂರ ಏನಿಲ್ಲ. ಮೇನ್ ರೋಡಿಂದ ಎರಡೇ ಕಿಲೋಮೀಟ್ರು."

ವಯಸ್ಸಾದವರು, ಏನೋ ಹೇಳುತ್ತಾರೆ ಎಂದುಕೊಂಡು ಮುಂದುವರಿದೆ. "ಮಬ್ಬುಮಬ್ಬಾಗಿದ್ಯಾ?"

"ಇಲ್ಲ, ಎಲ್ಲಾ ಕ್ಲಿಯರಾಗೈತೆ ಅಂತಾನೆ ಬ್ರೋಕರ್ರು."

ನಮ್ಮ ಕಸುಬಿಗೂ ಬ್ರೋಕರ್ ಬಂದನೇ ಎಂದು ಆತಂಕವಾಯಿತು. "ಎರಡೂ ಒಂದೇ ಥರ ಇದ್ಯಾ?" ಎಂದೆ.

"ಎರಡೆಲ್ಲಿಂದ ತರ್ಲಿ ಸಾಬ್ರೇ? ಒಂದೇ ಇರೋದು. ಅದಕ್ಕೇ ಒಂದು ಮಗ್ಗ ಮಾರೋಕೆ ಹೊಂಟಿದೀನಿ."

ನಾನು ಗಾಬರಿಯಿಂದ ಅವರ ಮುಖ ನೋಡಿದೆ. ಎರಡು ಕಣ್ಣೂ ಇದ್ದ ಜಾಗದಲ್ಲೇ ಇದ್ದವು. ಅಷ್ಟರಲ್ಲಿ ಅವರು ಚೀಲದಿಂದ ಕರಾರು ಪತ್ರ ತೆಗೆದು ನನ್ನ ಮೇಜಿನ ಮೇಲೆ ಹರಡಿದರು. ಮಗಳಿಗೆಂದು ಹೊಸ ಲೇಔಟಿನಲ್ಲಿ ಸೈಟ್ ನೋಡಿದ್ದಾರೆ. ಮಧ್ಯಾಹ್ನ ಅಡ್ವಾನ್ಸ್ ಕೊಡಬೇಕು. ಪತ್ರ ಸರಿ ಇದೆಯೋ ಇಲ್ಲವೋ ಯಾರನ್ನು ಕೇಳುವುದೆಂದು ಯೋಚಿಸುತ್ತ ಬರುವಾಗ ನನ್ನ ಬೋರ್ಡ್ ಕಂಡಿದೆ. ಅದೂ ಉಚಿತ!

ವಿಷಯ ಬಿಡಿಸಿ ಹೇಳಿದೆ. ಪಾಪ, ನಾಚಿಕೆಯಿಂದ ಕುಗ್ಗಿಹೋದರು. "ಅಯ್ಯೋ, ತಪ್ಪು ತಿಳ್ಕೊಂಬಿಟ್ಟೆ" ಎಂದು ಪತ್ರ ಮಡಿಸಿ ಎದ್ದರು. ನನಗೂ ಮನಸ್ಸು ತಡೆಯಲಿಲ್ಲ.

"ಬಂದಿದ್ದೀರಿ, ನನ್ನ ಕಡೆ ಸೈಟೂ ನೋಡಿಸ್ಕೊಂಡು ಹೋಗಿ. ಈ ಪತ್ರ ನೀವು ಓದಿದ್ರಾ?"

"ಅಕ್ಷರ ಎಲ್ಲಾ ಇರುವೆ ಸಾಲು ಕಂಡಂಗೆ ಕಾಣ್ತೈತೆ. ಮಗ್ಗದಲ್ಲಿ ಎಳೆ ಕಿತ್ತೋದ್ರೂ ಕೈಯಲ್ಲೇ ತಡಕಿ ಗಂಟು ಹಾಕ್ತೀನಿ."

ಪರೀಕ್ಷೆಯ ಫ್ರೇಮ್ ಅವರ ಮೂಗಿನ ಮೇಲಿಟ್ಟು ಗಾಜು ಬದಲಿಸುತ್ತ ಹೋದೆ. ಮೂರನೆಯ ಗಾಜಿಗೆ ಅವರ ಹುಬ್ಬು ಮೇಲೇರಿತು. ಓದಲು ಕಾರ್ಡ್ ಕೊಡುವ ಮೊದಲೇ ತಮ್ಮ ಪತ್ರವನ್ನೇ ಎತ್ತಿಕೊಂಡು, ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದರು. "ಪೂರ್ವಕ್ಕೆ ಸೈಟ್ ನಂಬರ್ ಹದಿನಾಲ್ಕು. ಪಶ್ಚಿಮಕ್ಕೆ ರಸ್ತೆ. ಉತ್ತರಕ್ಕೆ ರಾಜಕಾಲುವೆ. ದಕ್ಷಿಣಕ್ಕೆ..." ನಿಲ್ಲಿಸಿದರು. ಪತ್ರವನ್ನು ಇನ್ನಷ್ಟು ಹತ್ತಿರ ತಂದರು. "ದಕ್ಷಿಣಕ್ಕೆ ಸ್ಮಶಾನ."

ಪತ್ರವನ್ನು ಮೇಜಿನ ಮೇಲೆ ಬಿಟ್ಟು ನನ್ನ ಕಡೆ ತಿರುಗಿದರು.

"ಪಾರ್ಕು ಅಂದಿದ್ದ ಸಾಬ್ರೇ! ಮರ ಎಲ್ಲಾ ಇತ್ತು. ಕೂತ್ಕೊಳೋಕೆ ಕಲ್ಲಿನ ಕಟ್ಟೆ ಬೇರೆ ಕಟ್ಟವ್ರೆ, ಎಷ್ಟ್ ಚೆನ್ನಾಗೈತೆ ಅಂತ ಒಂದರ ಮೇಲೆ ಕೂತು ಎಲೆಅಡಿಕೆ ಹಾಕ್ಕೊಂಡೆ. ಅದು ಯಾರ್ದೋ ಏನೋ, ಶಿವನೇ!"

ನಗಬಾರದೆಂದು ನಾನು ಲೆನ್ಸ್ ಡಬ್ಬಿಯಲ್ಲಿ ಏನನ್ನೋ ಹುಡುಕುವಂತೆ ಮಾಡಿದೆ. ಆದರೆ ಮೊದಲು ನಕ್ಕವರು ಅವರೇ. ಆಮೇಲೆ ಬ್ರೋಕರಿಗೆ ಅಲ್ಲಿಂದಲೇ ಫೋನ್ ಮಾಡಿದರು. ಅವನು, "ಯಜಮಾನ್ರೇ, ಅಕ್ಕಪಕ್ಕದವರು ಗಲಾಟೆ ಮಾಡಲ್ಲ ಅಂತ ನಾನು ಹೇಳಿರ್ಲಿಲ್ವಾ?" ಎಂದನಂತೆ. ಅಡ್ವಾನ್ಸ್ ಉಳಿಯಿತು, ಮಗ್ಗವೂ ಉಳಿಯಿತು. ಕನ್ನಡಕಕ್ಕೆ ಆರ್ಡರ್ ಕೊಟ್ಟು ಹೊರಡುವಾಗ ಬಾಗಿಲಲ್ಲಿ ತಿರುಗಿ ನಿಂತು, "ನಿಮ್ದೂ ಸೈಟ್ ಐತಾ ಸಾಬ್ರೇ?" ಎಂದರು.

"ಇದೆ, ಬೂದಿಗೆರೆ ಹತ್ತಿರ. ಆರು ವರ್ಷ ಆಯ್ತು ತಗೊಂಡು."

"ಪತ್ರ ಓದಿದೀರಾ?"

"ಓದದೆ ಇರ್ತೀನಾ?" ಎಂದೆ. ಅದು ಶುದ್ಧ ಸುಳ್ಳು. ಓಡಾಡಿ ಎಲ್ಲ ಮಾಡಿಸಿದವರು ನನ್ನ ಮಾವ. ಅವರು ತೋರಿಸಿದ ಕಡೆ ನಾನು ಸಹಿ ಹಾಕಿ ಬಂದಿದ್ದೆ, ಅಷ್ಟೇ.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದವನು ಊಟ ಬಿಟ್ಟು ಬೀರುವಿನಿಂದ ಸೈಟಿನ ಪತ್ರ ತೆಗೆದೆ. ನಾಲ್ಕೂ ದಿಕ್ಕು ಓದಿದೆ. ಸ್ಮಶಾನವಿಲ್ಲ, ಕಾಲುವೆಯಿಲ್ಲ. ಉಸಿರು ಬಿಟ್ಟು ಮೊದಲ ಪುಟಕ್ಕೆ ಬಂದೆ. ಕೊಂಡವರ ಜಾಗದಲ್ಲಿ ನನ್ನ ಹೆಂಡತಿ ಶಬಾನಾಳ ಹೆಸರಿತ್ತು. ನನ್ನ ಸಹಿ ಕೊನೆಯ ಪುಟದಲ್ಲಿ, ಕೆಳಗಡೆ, ಎರಡನೆಯ ಸಾಕ್ಷಿಯದು. ಈ ಆರು ವರ್ಷ ನೆಂಟರಿಷ್ಟರ ಮುಂದೆಲ್ಲ 'ನನ್ನ ಸೈಟ್, ನನ್ನ ಸೈಟ್' ಎಂದು ಎದೆಯುಬ್ಬಿಸಿದ್ದು ನೆನಪಾಗಿ, ಪತ್ರ ಹಿಡಿದುಕೊಂಡೇ ಅಡುಗೆಮನೆಗೆ ಹೋದೆ.

ಮನೆಯಲ್ಲಿ ನಮ್ಮ ಮಾತು ದಖನಿ, ಅವಳು ಹೇಳಿದ್ದನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: "ಅಜೀ, ಅವತ್ತು ರಿಜಿಸ್ಟ್ರೇಷನ್ ಆಫೀಸಲ್ಲಿ ನಮ್ಮ ಅಬ್ಬಾ ಎಲ್ಲರ ಎದುರಿಗೇ ಓದಿ ಹೇಳಿದ್ರಲ್ಲ! ನೀವು ಆಗ ಅಲ್ಲಿನ ಗುಮಾಸ್ತರ ಕನ್ನಡಕ ಸೊಟ್ಟಗಿದೆ ಅಂತ ಅದನ್ನೇ ನೋಡ್ತಾ ಕೂತಿದ್ರಿ."

ಸಾಕ್ಷಿ ಎಂದರೆ ಕಣ್ಣಾರೆ ಕಂಡವನು ಎಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಹೇಳಿಕೊಟ್ಟಿದ್ದರು. ಅದನ್ನು ನಾನು ಶಬಾನಾಳಿಗೆ ಹೇಳಲಿಲ್ಲ. ಹೇಳದೆಯೇ ಅವಳು ಅಷ್ಟು ನಗುತ್ತಿದ್ದಳು.