ಆರು ಹನಿ ನಿಂಬೆಹುಲ್ಲಿನ ಎಣ್ಣೆ

"ಇನ್ನು ಈ ಮನೆಗೆ ರಾಸಾಯನಿಕ ಬೆರೆತ ಸುಗಂಧದ ಒಂದು ಸೀಸೆಯೂ ಬರಕೂಡದು! ಎಣ್ಣೆ ನಾನೇ ಇಳಿಸ್ತೀನಿ. ಬರೀ ಹಬೆಯಿಂದ! ಪ್ರಕೃತಿಯ ಕೂದಲೂ ಕೊಂಕದಂತೆ!"

ಭಾನುವಾರ ಬೆಳಗ್ಗೆ ಹೀಗೊಂದು ಭೀಷಣ ಪ್ರತಿಜ್ಞೆ ಮಾಡಿದೆ. ಇಸ್ತ್ರಿ ಮಾಡುತ್ತಿದ್ದ ನನ್ನಾಕೆ ತಲೆಯೆತ್ತಲಿಲ್ಲ. ನಮ್ಮ ಕಟ್ಟಡದ ನಿವಾಸಿಗಳ ಸಂಘಕ್ಕೆ ಆಕೆ ಕಾರ್ಯದರ್ಶಿ. ಭಾಷಣ ಕೇಳಿ ಕೇಳಿ ಗಟ್ಟಿಯಾಗಿದ್ದಾಳೆ.

"ಕುಕ್ಕರ್ ಸುಟ್ಟುಗಿಟ್ಟೀರಾ, ಜೋಕೆ!" ಎಂದವಳೇ ಸಂಘದ ಸಭೆಗೆ ಹೊರಟುಹೋದಳು.

ಬಾಲ್ಕನಿಯ ಕುಂಡಗಳ ನಿಂಬೆಹುಲ್ಲಿಗೆಲ್ಲ ಕ್ಷೌರ ಮಾಡಿ ಕುಕ್ಕರಿಗೆ ತುಂಬಿ, ನೀರು ಹೊಯ್ದು ಒಲೆಗೇರಿಸಿದೆ. ಸೀಟಿಯ ಜಾಗಕ್ಕೆ ರಬ್ಬರ್ ಕೊಳವೆ ಸಿಕ್ಕಿಸಿ, ಅದನ್ನು ಬಕೆಟ್ಟಿನ ತಣ್ಣೀರಿನಲ್ಲಿ ಹಾಯಿಸಿ, ತುದಿಯನ್ನು ಸೀಸೆಗೆ ಇಳಿಬಿಟ್ಟೆ. ಹಬೆ ತಣಿದರೆ ಎಣ್ಣೆ! ಆದರೆ ಬಕೆಟ್ಟಿನ ನೀರೇ ಬಿಸಿಯಾಗತೊಡಗಿತು. ವಿಜ್ಞಾನಿ ಸೋಲುತ್ತಾನೆಯೇ? ಬಕೆಟ್ಟಿಗೆ ನಲ್ಲಿಯನ್ನು ಪೂರ್ತಿ ತಿರುಗಿಸಿಬಿಟ್ಟೆ. ಉಕ್ಕಿದ್ದು ಮೋರಿಗೆ ಹರಿಯಲಿ! ಸೀಸೆಯ ಮುಂದೆ ತಪಸ್ಸಿಗೆ ಕೂತೆ. ಎರಡು ಗಂಟೆ ಕಳೆದ ಮೇಲೆ ಹೊಂಬಣ್ಣದ ಹನಿಗಳು ತೇಲಿದವು. ಒಂದು, ಎರಡು... ಆರು! ಕುಣಿದುಬಿಟ್ಟೆ.

ಆಗಲೇ ನಲ್ಲಿ 'ಗೊರ್' ಎಂದು ಕೆಮ್ಮಿ ಉಸಿರು ಬಿಟ್ಟಿತು. ಬಾಗಿಲು ದಡದಡ! ತೆರೆದರೆ ಮೇಲಿನ ಮನೆಯ ನಿವೃತ್ತ ಹೆಡ್‌ಮಾಸ್ಟರು. ಸೊಂಟಕ್ಕೆ ಟವೆಲ್, ತಲೆಯಿಂದ ಕಾಲಿನವರೆಗೆ ಸೋಪಿನ ನೊರೆ, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿವೆ.

"ಕಾರ್ಯದರ್ಶಿ ಅಮ್ಮನವರೇ, ನೀರು ನಿಂತೋಯ್ತು!"

"ನಾನು ಅವರ ಯಜಮಾನ, ಸರ್."

"ಯಾರಾದ್ರೇನ್ರೀ, ಕಣ್ಣು ಉರೀತಿದೆ!"

ಅವರ ಬೆನ್ನಿಗೇ ಸಭೆ ಮುಗಿಸಿದ ನನ್ನಾಕೆ. ನಲ್ಲಿ, ಬಕೆಟ್ಟು, ಮೋರಿ. ಒಂದೇ ನೋಟಕ್ಕೆ ಸಕಲವೂ ಅರ್ಥವಾಯಿತು.

"ಟ್ಯಾಂಕ್ ಪೂರ್ತಿ ಖಾಲಿ ಮಾಡಿದ್ರಾ? ಎಂಟು ಮನೆ ನೀರು! ನೀರು ಪೋಲು ಮಾಡಿದವರು ಎಲ್ಲರ ಮನೆಗೂ ಕೈಪಂಪಿನಿಂದ ನೀರು ಹೊರಬೇಕು ಅಂತ ಈಗಷ್ಟೇ ನಾನೇ ನಿರ್ಣಯ ಮಾಡಿಸಿ ಬಂದೆ!"

"ಆರು ಹನಿ ಬಂದಿದೆ ಕಣೇ..."

"ಬಕೆಟ್ ಎತ್ತಿ!"

ಎಣ್ಣೆ ಇಳಿಸಲು ಹೋದವನ ನೀರಿಳಿಸಿದಳು, ಅದೂ ನೊರೆ ಮೆತ್ತಿದ ಹೆಡ್‌ಮಾಸ್ಟರ ಎದುರಿಗೆ!

ನಾಲ್ಕು ಮಹಡಿ ಹತ್ತಿ ಇಳಿದು, ಇಳಿದು ಹತ್ತಿ, ಎಂಟನೆಯ ಮನೆಗೆ ನೀರು ಮುಟ್ಟಿಸಿ ಮೆಟ್ಟಿಲ ಮೇಲೆ ಕುಸಿದೆ. ಹಣೆ, ಕುತ್ತಿಗೆ, ಬೆನ್ನು, ಎಲ್ಲೆಡೆ ಬೆವರಿನ ಧಾರೆ. ನನ್ನಾಕೆ ಹತ್ತಿರ ಬಂದಳು, ಒಮ್ಮೆ ಮೂಸಿದಳು, ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ನೋಡಿದ್ರಾ, ಒಲೆ ಬೇಡ, ಕುಕ್ಕರ್ ಬೇಡ, ಎಷ್ಟು ಸಲೀಸಾಗಿ ಇಳೀತಿದೆ! ಹಿಡಿಯೋಕೆ ಸೀಸೆ ತರ್ಲಾ?"