ಅತ್ತೆಯವರು ಮೂಸಿದ ಎಲೆ

ಓದಿದವನ ಬಾಯಿಗೆ ‘ಗೊತ್ತಿಲ್ಲ’ ಎನ್ನುವ ಮಾತು ಸುಲಭವಾಗಿ ಬರುವುದಿಲ್ಲ. ನಾನಂತೂ ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿ, ರೋಣದ ಹೈಸ್ಕೂಲಿಗೆ ವಿಜ್ಞಾನದ ಮಾಸ್ತರನಾಗಿ ಬಂದ ದಿನದಿಂದ ಆ ಮಾತನ್ನೇ ಬಿಟ್ಟಿದ್ದೆ. ರಜೆ ಬಂದರೆ ಗಜೇಂದ್ರಗಡದ ಗುಡ್ಡದಿಂದ ಕಾಡುಗಿಡ ಕಿತ್ತು ತರುವುದು, ಎಲೆಯ ಅಂಚು, ಕಾಂಡದ ರೋಮ, ಹೂವಿನ ಎಸಳು ನೋಡಿ ಯಾವುದು ಯಾವುದಕ್ಕೆ ಅಣ್ಣತಮ್ಮ ಎಂದು ಬರೆದಿಡುವುದು, ಹಳೆಯ ಪತ್ರಿಕೆಯಲ್ಲಿಟ್ಟು ಹಾಸಿಗೆಯ ಕೆಳಗೆ ಒಣಗಿಸುವುದು. ‘ನಿಮ್ಮ ಕಸದ ಮ್ಯಾಲ ಮಲಗಿ ನನ್ನ ಬೆನ್ನು ನೋಯಾಕತ್ತೈತ್ರಿ’ ಎಂದು ಹೆಂಡತಿ ಶಾಂತಾ ಅಂದರೆ, ಶಾಸ್ತ್ರಕ್ಕಾಗಿ ಇಷ್ಟು ಸಹಿಸಬೇಕು ಎನ್ನುತ್ತಿದ್ದೆ. ನಾನು ಮಲಗುತ್ತಿದ್ದುದು ಕಿಟಕಿಯ ಬಳಿಯ ಬೇರೆ ಮಂಚದಲ್ಲಿ.

ಆ ಸಲ ಮಳೆಗಾಲದಲ್ಲಿ ಅಬ್ಬಿಗೇರಿಯಿಂದ ಅತ್ತೆ ಬಂದಿದ್ದರು. ಅವರ ಬಾಯಲ್ಲಿ ಹುಣ್ಣು. ಅದಕ್ಕೆ ಕಾಕಿಹಣ್ಣಿನ ಗಿಡದ, ಅಂದರೆ ಗಣಿಕೆ ಸೊಪ್ಪಿನ, ಪಲ್ಲೆ ಒಳ್ಳೆಯದೆಂದು ಶಾಂತಾ ಹೇಳಿದ್ದರಿಂದ, ಗುಡ್ಡದಿಂದ ಬರುವಾಗ ಒಂದು ಟವೆಲ್ಲು ತುಂಬ ಎಳೆಯ ಗಿಡ ತಂದೆ. ಯಾವುದೂ ಇನ್ನೂ ಹೂ ಬಿಟ್ಟಿರಲಿಲ್ಲ. ಹೂ ನೋಡಿ ಕುಲ ಹೇಳಬೇಕೆನ್ನುತ್ತದೆ ನಮ್ಮ ಶಾಸ್ತ್ರ. ಪಲ್ಲೆ ತಿನ್ನುವವರು ಹೂ ಬಿಡುವ ತನಕ ಕಾಯುವುದಿಲ್ಲ. ನಾನು ಎಲೆ ನೋಡಿಯೇ ತೀರ್ಮಾನ ಕೊಟ್ಟೆ.

ಅತ್ತೆ ಅಳಿಯನೆದುರು ನಿಂತು ಮಾತಾಡುವವರಲ್ಲ. ಏನಿದ್ದರೂ ಅಡಿಗೆಮನೆಯ ಬಾಗಿಲ ಮರೆಯಿಂದ, ಮಗಳ ಮೂಲಕ. ಒಂದೊಂದೇ ಎಲೆ ಹಿಸುಕಿ ಮೂಸಿ, ‘ಶಾಂತಾ, ಇದರಾಗ ನಾಕೈದು ಗಿಡದ ವಾಸನಿ ಬ್ಯಾರೆ ಐತಿ. ಅಳಿಯಾರನ್ನ ಒಂದ್ಸಲ ಕೇಳು’ ಎಂದರು.

ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ. ‘ವಾಸನಿ ಲಕ್ಷಣ ಅಲ್ಲಂತ ಹೇಳು. ಒಂದ ಮನ್ಯಾಗ ಹುಟ್ಟಿದವ್ರು ಒಬ್ಬರು ಕರ್ರಗ, ಒಬ್ಬರು ಕೆಂಪಗ ಇರೂದಿಲ್ಲೇನು? ಎಲ್ಲಾ ಒಂದ.’

‘ಆತವ್ವಾ, ಅವ್ರು ಕಲ್ತವ್ರು’ ಎಂದರು ಅತ್ತೆ. ಅಳಿಯ ತಂದದ್ದನ್ನು ಆರಿಸಿ ಎಸೆಯುವುದೆಂದರೆ ಅವರ ಲೆಕ್ಕದಲ್ಲಿ ಅಳಿಯನನ್ನೇ ಎಸೆದ ಹಾಗೆ. ಪಲ್ಲೆಯಾಯಿತು. ಶಾಂತಾಗೆ ಅಂದು ಉಪವಾಸ. ನನಗೆ ಕಹಿ ಆಗುವುದಿಲ್ಲ. ಅತ್ತೆ ಒಬ್ಬರೇ ಉಂಡರು.

ಮಧ್ಯಾಹ್ನ ನೀರು ಬೇಡಿದರು. ಕುಡಿದಷ್ಟೂ ಬಾಯಿ ಒಣಗುತ್ತಿತ್ತು. ಮುಖ ಕೆಂಪಾಯಿತು, ಕಣ್ಣಿನ ಪಾಪೆ ಅಗಲವಾಯಿತು. ಆಮೇಲೆ, ಎಂದೂ ನನ್ನ ಮುಖ ನೋಡಿ ಮಾತಾಡದವರು, ನೇರ ನನ್ನ ಹತ್ತಿರ ಬಂದು, ಗಾಳಿಯಲ್ಲಿ ಏನನ್ನೋ ಬಿಡಿಸುತ್ತ, ‘ಹತ್ತಿ ಭಾಳ ಒಡದೈತಿ, ಲಗೂ ಬಿಡಸೋ ತಮ್ಮಾ’ ಎಂದರು. ಈಗಲೂ ಕಣ್ಣು ಮುಚ್ಚಿದರೆ ಆ ಬೆರಳುಗಳು ಆಡುತ್ತವೆ.

ಚಕ್ಕಡಿಯಲ್ಲಿ ದವಾಖಾನೆಗೆ ಒಯ್ದೆವು. ‘ಏನ್ ತಿಂದಾರ್ರಿ?’ ಎಂದರು ಡಾಕ್ಟರು. ಪ್ರತಿ ಗಿಡಕ್ಕೂ ಎರಡೆರಡು ಹೆಸರು ಬಲ್ಲ ನಾನು ಶಾಂತಾಳ ಕಡೆ ನೋಡಿದೆ. ಸೊಪ್ಪು ಸೋಸುವಾಗ ಉಳಿದ ತೊಟ್ಟುಗಳನ್ನು ಶಾಂತಾ ಸೆರಗಿನಲ್ಲಿ ಕಟ್ಟಿ ತಂದಿದ್ದಳು. ಡಾಕ್ಟರು ಒಂದನ್ನು ಹಿಸುಕಿ ಮೂಸಿದರು. ‘ದತ್ತೂರಿ ಸಸಿ ಅಲ್ರೀ ಇದು? ನಮ್ಮ ಕಂಪೌಂಡರನೂ ಹೇಳ್ತಾನ.’

ಕಾಕಿ, ದತ್ತೂರಿ ಎರಡೂ ಒಂದೇ ಕುಲ. ಅಷ್ಟರ ಮಟ್ಟಿಗೆ ನಾನು ಹೇಳಿದ್ದು ಸರಿಯೇ ಇತ್ತು.

ಅವರು ಉಳಿಯುತ್ತಾರೋ ಇಲ್ಲವೋ ತಿಳಿಯದೆ ಎರಡು ದಿನ ದವಾಖಾನೆಯ ಕಟ್ಟೆಯ ಮೇಲೆ ಕೂತಿದ್ದೆ. ಮೂರನೆಯ ದಿನ ಕಣ್ಣು ತಿಳಿಯಾಯಿತು. ಮಾತಾಡಿಸಲು ನಮ್ಮ ಓಣಿಯ ಹೆಂಗಸರು ಬಂದರು. ಅತ್ತೆ ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡು ಅವರಿಗೆ ಹೇಳಿದರು: ‘ಅಳಿಯಾರು ಚಲೋದ ತಂದಿದ್ರವ್ವಾ. ನನಗ ಕಣ್ಣು ಕಾಣೂದಿಲ್ಲ, ಹಿತ್ತಲದಾಗಿಂದ ಏನೋ ಕಿತ್ತು ಕೂಡಿಸಿಬಿಟ್ಟೆ.’

ನಮ್ಮ ಮನೆಗೆ ಹಿತ್ತಲೇ ಇಲ್ಲ. ಅದು ಓಣಿಗೆಲ್ಲ ಗೊತ್ತು. ತಪ್ಪು ತಿದ್ದುವುದೇ ಉದ್ಯೋಗವಾಗಿರುವ ನಾನು, ಬಂದವರಿಗೆಲ್ಲ ಚಹ ಹೇಳಿ ಬರುತ್ತೇನೆಂದು ಹೊರಗೆ ಹೋದೆ.