ಎಂಟನೇ ಅರ್ಜಿ ಹತ್ತಿದ ಕಾರು

ಉಡಚಪ್ಪನ ಬಿಳಿ ಕಾರಿನ ಬಾನೆಟ್ಟು ಬಿಸಿಲಿಗೆ ಬಣ್ಣ ಸುಲಿದು, ಯಾರೋ ಅರ್ಧ ತಿಂದು ಬಿಟ್ಟ ರೊಟ್ಟಿಯಂತೆ ಕಾಣುತ್ತಿತ್ತು. ಅದನ್ನು ಅವನು ಸಹಿಸಿಕೊಂಡಿದ್ದ. ಸಹಿಸಲಾಗದ್ದು, ಅದೇ ಊರಿನ ವಿಜಯಮಹಾಂತೇಶ ಬಾಡಿಗೆ ಹೊಡೆಯಲು ಹೊಸ ವ್ಯಾನು ತಂದದ್ದು.

ಕುಪ್ಪೇಲೂರಿನಾಚೆಯ ಹೊಂಡದಕೇರಿಯಿಂದ ಒಂಬತ್ತು ಹೆಂಗಸರು ದಿನವೂ ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಿದ್ದರು. ಒಬ್ಬರ ಮೇಲೊಬ್ಬರು ಕೂತು ಹೋಗುತ್ತಿದ್ದುದು ಉಡಚಪ್ಪನ ಕಾರಿನಲ್ಲೇ. ಈಗ ಇಬ್ಬರು ವ್ಯಾನು ಹತ್ತಿದ್ದರು. ಉಳಿದ ಏಳು ಮಂದಿಯೂ ಹೋದರೆ ಅವನ ಮನೆಯ ಒಲೆ ಹೊತ್ತುವಂತಿರಲಿಲ್ಲ.

ಕಾರಿಗೆ ಹೊಸ ಬಣ್ಣ ಹೊಡೆಸೋಣವೆಂದರೆ ಪೇಂಟಿನವನು ಎಂಟು ದಿನ ಕೇಳಿದ. ಬ್ಯಾಡಗಿ ಪೇಟೆಗೆ ರಜೆ ಇದ್ದದ್ದು ಒಂದೇ ದಿನ. ಆ ದಿನ ನಸುಕಿನಲ್ಲೇ ಉಡಚಪ್ಪ ರಾಣೆಬೆನ್ನೂರಿನ ಸ್ಟಿಕರ್ ಅಂಗಡಿಯ ಚೇತನಕುಮಾರನ ಮುಂದೆ ಕಾರು ನಿಲ್ಲಿಸಿದ.

"ಬಣ್ಣ ಯಾಕ ಬೇಕ್ರಿ? ಕರೀ ಕಾರ್ಬನ್ ಫೈಬರ್ ವಿನೈಲ್ ಹಾಳಿ ಸುತ್ತತೇನಿ. ನಾಕ ಮಂದಿ ಹಚ್ಚಿ ಮಧ್ಯಾಹ್ನಕ್ಕ ಕೊಡತೇನಿ," ಎಂದ ಚೇತನಕುಮಾರ.

ಎಲ್ಲ ಸರಿಯಾಗಿಯೇ ಶುರುವಾಯಿತು. ಆದರೆ ವಿನೈಲ್ ಹಾಳೆ ಮೆತ್ತಗಾಗಲೆಂದು ಬಿಸಿಗಾಳಿಯ ಗನ್ನು ಹಿಡಿದಾಗ, ಬಾಗಿಲುಗಳ ಸಂದಿಯಲ್ಲಿ ವರ್ಷಗಟ್ಟಲೆ ಕೂತಿದ್ದ ಬ್ಯಾಡಗಿ ಮೆಣಸಿನಕಾಯಿಯ ಪುಡಿ ಹದವಾಗಿ ಹುರಿಯಿತು. ಇಡೀ ಓಣಿ ಸೀನತೊಡಗಿತು. ಎದುರಿನ ಕ್ಷೌರದಂಗಡಿಯಲ್ಲಿ ಒಬ್ಬ ಗಿರಾಕಿಯ ಮೀಸೆ ಒಂದೇ ಬದಿಗೆ ಉಳಿಯಿತು. ಉಳಿದರ್ಧ ಕೊಡು ಎಂದು ಆತ ಉಡಚಪ್ಪನಿಗೇ ಗಂಟುಬಿದ್ದ. ಕಣ್ಣೊರೆಸಿಕೊಳ್ಳುತ್ತಲೇ ಅಕ್ಕಪಕ್ಕದವರೆಲ್ಲ ಸೇರಿ, ಗಾಜಿಗೂ ಕಪ್ಪು ಫಿಲ್ಮು ಹಚ್ಚಿದರೇ ಶೋಭೆ ಎಂದು ತೀರ್ಪು ಕೊಟ್ಟರು. ಅದನ್ನೂ ಹಚ್ಚಿದ್ದಾಯಿತು.

"ಎರಡ ದಿನ ಗ್ಲಾಸ್ ಇಳಸಬ್ಯಾಡ್ರಿ, ಫಿಲ್ಮ್ ಕಿತ್ತ ಬರತೈತಿ," ಎಂದು ಚೇತನಕುಮಾರ ಎಚ್ಚರಿಸಿ ಕಳಿಸಿದ.

ಕಾರು ಈಗ ಮಂತ್ರಿಯ ಮನೆಯ ಅಳಿಯನಂತೆ ಹೊಳೆಯುತ್ತಿತ್ತು. ಕುಪ್ಪೇಲೂರು ಕ್ರಾಸಿಗೆ ಬಂದರೆ ರಸ್ತೆಗೆ ಕಲ್ಲು ಅಡ್ಡ, ಕಲ್ಲಿನ ಹಿಂದೆ ಅವನದೇ ಒಂಬತ್ತು ಹೆಂಗಸರು. ಪೇಟೆಗೆ ರಜೆಯೆಂದು ಹೋರಾಟಕ್ಕೆ ಕೂತಿದ್ದರು. ಕಪ್ಪು ಕಾರು ಕಂಡದ್ದೇ, ಯಾರೋ ಸಾಹೇಬರು ಬಂದರೆಂದು ಎದ್ದು ಸುತ್ತುವರಿದರು. ಉಡಚಪ್ಪ ಪರಿಚಯದ ನಗೆ ನಕ್ಕ. ಕಪ್ಪು ಗಾಜಿನ ಹಿಂದಿನ ನಗೆ ಯಾರಿಗೂ ಕಾಣಲಿಲ್ಲ. ಗಾಜು ಇಳಿಸುವಂತಿಲ್ಲ. ಬಾಗಿಲು ತೆಗೆಯಲು ನೋಡಿದರೆ ನಾಲ್ಕು ಮಂದಿ ಆನಿಕೊಂಡು ನಿಂತಿದ್ದರು.

ಹಿರಿಯಳಾದ ಜೈತೂನಬಿ ಬಾನೆಟ್ಟಿಗೆ ಗುದ್ದಿದಳು. "ಸಾಹೇಬ್ರ, ಏಳ ಅರ್ಜಿ ಕೊಟ್ಟೀವಿ. ಏಳೂ ನಿಮ್ಮ ಹಾವೇರಿ ಆಫೀಸಿನ ಗೇಟಿನ್ಯಾಗ ನಿಂತಾವು. ಇವತ್ತ ನೀವೂ ಇಲ್ಲೇ ನಿಂದರ್ರಿ."

ದಿಕ್ಕು ತೋಚದೆ ಉಡಚಪ್ಪ ಹಾರನ್ನು ಒತ್ತಿದ. ನೆಗಡಿಯಾದ ಆಡಿನಂಥ ಆ ದನಿಯನ್ನು ದಿನವೂ ಕೇಳಿದವರಿಗೆ ಒಳಗಿದ್ದವನ ಗುರುತು ಹತ್ತಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಜೈತೂನಬಿ ಮಾತ್ರ ನಗದೆ ಕಾರನ್ನು ಒಂದು ಸುತ್ತು ಹಾಕಿ ಬಂದಳು.

"ಉಡಚಾ, ಬಾಗಲಾ ತಗಿ. ಈ ಗಾಡಿ ಕಂಡ ನಾವ ಎದ್ದ ನಿಂತೀವಿ. ಗೇಟಿನವ ಏಳಂಗಿಲ್ಲೇನು?"

ಒಂಬತ್ತೂ ಮಂದಿ ಹತ್ತಿದರು, ವ್ಯಾನಿಗೆ ಹೋಗಿದ್ದ ಇಬ್ಬರೂ ಸೇರಿ. ವಿನೈಲ್ ಗೆದ್ದಿತೆಂದು ಉಡಚಪ್ಪನ ಎದೆ ಉಬ್ಬಿತು. ಅರ್ಜಿ ಯಾತರದೆಂದು ಕೇಳಲೂ ಇಲ್ಲ, ಗಾಡಿಯನ್ನು ಹಾವೇರಿಗೆ ಹೊಡೆದ.

ಕಚೇರಿಯ ಕಾವಲುಗಾರ ದೂರದಿಂದಲೇ ಸೆಲ್ಯೂಟು ಹೊಡೆದು ಗೇಟು ತೆರೆದ. ಒಳಗಿನಿಂದ ಒಬ್ಬೊಬ್ಬರೇ ಇಳಿಯುತ್ತ ಹೋದಂತೆ, ಹಣೆಗಿಟ್ಟ ಕೈ ಇಳಿಸುವುದನ್ನು ಮರೆತು ಎಣಿಸುತ್ತ ನಿಂತ. ಕಿಟಕಿಯಿಂದ ಕಾರು ನೋಡಿದ ಅಧಿಕಾರಿ ತಾವೇ ಮೆಟ್ಟಿಲಿಳಿದು ಬಂದರು. ಏಳು ಸಲ ಕಾಲು ಸವೆಸಿ ಬಂದವರಿಗೆ ಆ ಕಚೇರಿಯಲ್ಲಿ ಒಂದು ಕುರ್ಚಿ ಇರಲಿಲ್ಲ. ಕಾರಿನಲ್ಲಿ ಬಂದವರಿಗೆ ಹತ್ತು ಕುರ್ಚಿ, ಹತ್ತು ಚಹಾ ಬಂದವು. ಸರ್ಕಾರಕ್ಕೆ ಕಣ್ಣಿದೆ, ಅದು ಚಕ್ರ ಇದ್ದವರನ್ನಷ್ಟೇ ನೋಡುತ್ತದೆ.

ಮುಖಂಡರು ಯಾರೆಂದು ಅಧಿಕಾರಿ ಕೇಳಿದರು. ಒಂಬತ್ತು ಬೆರಳು ಉಡಚಪ್ಪನ ಕಡೆ ತಿರುಗಿದವು. ಜನ್ಮದಲ್ಲೇ ಅವನನ್ನು ಯಾರೂ ಮುಖಂಡ ಎಂದಿರಲಿಲ್ಲ. ಜೈತೂನಬಿ ಎಂಟನೇ ಅರ್ಜಿಯನ್ನು ಸಹಿಗೆಂದು ಅವನ ಮುಂದೆ ಹಿಡಿದಳು.

"ಇದ್ರಾಗ ಏನೈತಿ ಅಕ್ಕಾ?" ಎಂದು ಪಿಸುಗುಟ್ಟಿದ.

"ಊರಿಗೆ ಒಳ್ಳೇದ ಆಗೂದೈತಿ. ನಿನ್ನ ಹೆಸರ ಮೊದಲ ಇರಲಿ," ಎಂದಳು ಜೈತೂನಬಿ.

ಉಡಚಪ್ಪ ಅಪ್ಪನ ಹೆಸರು, ಊರಿನ ಹೆಸರು ಸಮೇತ ಸಹಿ ಜಡಿದ. ಅಧಿಕಾರಿ ಅಲ್ಲೇ ಎರಡು ಫೋನು ಮಾಡಿ ಆದೇಶ ಬರೆದು ಕೊಟ್ಟರು.

ಹೊರಳಿ ಬರುವಾಗ ಕಾರಿನ ತುಂಬ ಹಾಡು, ಕೇಕೆ. ಅವಕಾಶ ನೋಡಿ ಉಡಚಪ್ಪ ಮಾತು ತೆಗೆದ. "ನಾಳಿಂದ ಎಲ್ಲಾರೂ ನನ್ನ ಗಾಡೀಗೇ ಬರ್ರಿ ಮತ್ತ. ಆ ವ್ಯಾನ ಬಿಡ್ರಿ."

ಜೈತೂನಬಿ ಅವನ ಹೆಗಲ ಮೇಲೆ ಕೈಯಿಟ್ಟಳು.

"ಇನ್ನ ಎಲ್ಲೀ ವ್ಯಾನೋ ತಮ್ಮಾ? ನೀ ಸಹಿ ಮಾಡಿದ್ದು ಬಸ್ಸಿಗೆ. ನಾಳೆ ಮುಂಜಾನೆ ಆರಕ್ಕ ನಮ್ಮ ಕೇರೀಗೆ ಬಂದು ಸೀದಾ ಬ್ಯಾಡಗಿಗೆ ಹೋಕ್ಕೈತಿ. ಹೆಣ್ಮಕ್ಕಳಿಗೆ ಟಿಕೀಟಿಲ್ಲ. ಮೊದಲ ಹೇಳಿದ್ರ ನೀ ಗಾಡಿ ತರತಿದ್ದೇನು?"

ಉಡಚಪ್ಪ ಗಕ್ಕನೆ ಬ್ರೇಕು ಒತ್ತಿದ.

"ಮೊದಲ ಸಹಿ ನಿಂದು," ಎಂದಳು ಜೈತೂನಬಿ. "ಬಸ್ಸಿಗೆ ಕಾಯಿ ನೀನ ಒಡೀಬೇಕ ನೋಡು."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಎಲ್ಲರೂ ನಕ್ಕರು. ಉಡಚಪ್ಪನೂ ನಕ್ಕ. ಒಂಬತ್ತು ಮಂದಿ ನಗುವ ಕಾರಿನಲ್ಲಿ ಒಬ್ಬನು ಅಳುವಷ್ಟು ಜಾಗ ಉಳಿದಿರಲಿಲ್ಲ.